ಲೇಬರ್ ಆಫೀಸರು ಯಾರ ಕಡೆಯವರು?

ಮೊದಲ ಪಾಳಿ ಮುಗಿಸಿ ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಪತ್ರಿಕೆ ಮಡಿಸಿಟ್ಟ ಮೇಲೆ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಅವರಿಗೆ ಪಗಾರ ಕೊಡುವವರು ಮಾಲಕರು, ಅವರು ಕುಳಿತಿರುವ ಕೋಣೆಯೂ ಮಾಲಕರದು. ಅಷ್ಟನ್ನೇ ನೋಡಿ ನಮ್ಮ ಜನ ಆ ಬಾಗಿಲ ಕಡೆ ಸುಳಿಯುವುದಿಲ್ಲ. ಈ ಸಂಶಯ ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ.

ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿಸುವವನು ಮುಕಾದಮ, ತೆಗೆದುಹಾಕುವವನೂ ಅವನೇ. ಅವನ ಕೈ ಬೆಚ್ಚಗೆ ಮಾಡದೆ ಬದಲಿಯ ಕೆಲಸವೂ ದೊರೆಯುತ್ತಿರಲಿಲ್ಲ. 1931ರಲ್ಲಿ ವರದಿ ಕೊಟ್ಟ ಕಾರ್ಮಿಕ ರಾಯಲ್ ಕಮಿಷನ್ನು ಈ ಅಧಿಕಾರವನ್ನು ಅವನಿಂದ ತೆಗೆದು ಲೇಬರ್ ಆಫೀಸರಿಗೆ ಕೊಡಬೇಕೆಂದು ಹೇಳಿತು. 1934ರ ಮುಂಬಯಿ ಕಾಯಿದೆಯಿಂದ ಗಿರಣಿ ಕೆಲಸಗಾರರ ಅಹವಾಲು ಕೇಳಲು ಸರಕಾರಿ ಲೇಬರ್ ಆಫೀಸರು ಬಂದರು. 1948ರ ಫ್ಯಾಕ್ಟರಿ ಕಾಯಿದೆಯ 49ನೆಯ ಕಲಮು, 500 ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರು ಇರಲೇಬೇಕೆಂದು ವಿಧಿಸಿತು. ನಮ್ಮ ಜನ ಇವರನ್ನೂ ಲೇಬರ್ ಆಫೀಸರೆಂದೇ ಕರೆಯುವುದು ರೂಢಿ. ಸೇಫ್ಟಿ ಆಫೀಸರ ಕಲಮು ಸೇರಿದ್ದು 1976ರಲ್ಲಿ, ಅದೂ 1000 ಜನರಿದ್ದಲ್ಲಿ. 2020ರ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆ, ಕಾರ್ಖಾನೆಗಳಲ್ಲಿ ಈ ಸಂಖ್ಯೆಗಳು 250 ಮತ್ತು 500 ಆಗಿವೆ. ಇನ್‌ಸ್ಪೆಕ್ಟರ ಹೆಸರಿಗೂ 'ಫೆಸಿಲಿಟೇಟರ್' ಎಂಬ ಬಾಲ ಸೇರಿದೆ. ಅವರು ಮಾತ್ರ ಸರಕಾರದವರು.

ಮಾಲಕರು ನೇಮಿಸಿದರೂ ಮಾಲಕರ ವಕೀಲಿ ಮಾಡಬಾರದೆಂಬುದೇ ಈ ಹುದ್ದೆಯ ವೈಶಿಷ್ಟ್ಯ. ಫ್ಯಾಕ್ಟರಿ ಕಾಯಿದೆಯ ಕೆಳಗೆ ಹಲವು ರಾಜ್ಯಗಳು ಮಾಡಿದ್ದ ನಿಯಮಗಳಲ್ಲಿ, ವೆಲ್‌ಫೇರ್ ಆಫೀಸರು ಕೆಲಸಗಾರನ ವಿರುದ್ಧ ಕೋರ್ಟಿನಲ್ಲಿ ನಿಲ್ಲಕೂಡದೆಂದು ಸ್ಪಷ್ಟವಾಗಿ ಬರೆದಿತ್ತು. ಪಂಜಾಬಿನ 1952ರ ನಿಯಮಗಳಂತೂ, ಮಾಲಕರು ಕೆಲಸದಿಂದ ತೆಗೆದರೆ ಈ ಅಧಿಕಾರಿ ಸರಕಾರಕ್ಕೆ ಅಪೀಲು ಮಾಡಿಕೊಳ್ಳಲು ದಾರಿ ಕೊಟ್ಟಿದ್ದವು. ಎಲ್ಲರೂ ಹಾಗೆ ನೆಟ್ಟಗೆ ನಡೆದರೆಂದು ನಾನು ಹೇಳಲಾರೆ. ಆದರೆ ನೆಟ್ಟಗಿರುವ ಅಧಿಕಾರಿಗೂ ಒಂದು ಅಡಚಣೆಯುಂಟು: ಅವರು ಮೊದಲು ನೋಡುವುದು ಪುಸ್ತಕವನ್ನು. ಆ ಪುಸ್ತಕ ಬರೆಯುವವರು ನನ್ನಂಥ ಕ್ಲಾರ್ಕರು.

ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನಾನು ಹಿಂದೆ ಇದ್ದ ಒಂದು ಗಿರಣಿಯಲ್ಲಿ ವಿಜಾಪುರದ ಕಡೆಯ ಹುಡುಗನೊಬ್ಬ ತಿರುಗುವ ಯಂತ್ರದ ಹತ್ತಿ ತೆಗೆಯಲು ಹೋಗಿ ಬೆರಳು ಜಜ್ಜಿಸಿಕೊಂಡ. ಯಂತ್ರ ನಿಲ್ಲಿಸದೆ ಶುಚಿ ಮಾಡಿಸಿದ್ದು ಖಾತೆಯ ಮೇಲಿನವರ ತಪ್ಪು. ಅವರು, "ಅಪಘಾತ ಪುಸ್ತಕಕ್ಕೆ ಹಚ್ಚಬೇಡಿ, ನಾಲ್ಕು ದಿನ ರಜೆ ಬರೆಯಿರಿ" ಎಂದರು. ಬರೆದೆ. ಮೂರು ವಾರವಾದರೂ ಬೆರಳು ಮಡಚಲಿಲ್ಲ. ಹುಡುಗ ಲೇಬರ್ ಆಫೀಸರ ಬಳಿಗೆ ಹೋದ. ಅವರು ಪುಸ್ತಕ ತರಿಸಿದರು; ಅದರಲ್ಲಿ ಏನೂ ಇಲ್ಲ. ಅವನು ನನ್ನ ಮೇಜಿನ ಮುಂದೆ ನಿಂತು, "ಅಣ್ಣಾರ, ಬಟ್ಟು ಗಿರಣ್ಯಾಗ ಜಜ್ಜೇತಿ, ಪುಸ್ತಕದಾಗ ನಾ ರಜಾದಾಗ ಇದ್ದೀನಂತ" ಎಂದ. ಸಿಟ್ಟಿನಿಂದಲೂ ಹೇಳಲಿಲ್ಲ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೋಗಿ ಆಫೀಸರಿಗೆ ಇದ್ದದ್ದು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ನನ್ನ ಹೇಳಿಕೆ ಬರೆಸಿಕೊಂಡು, ಪಕ್ಕದ ಯಂತ್ರದ ಇಬ್ಬರ ಸಾಕ್ಷಿ ಪಡೆದು, ಅಂದೇ ವರದಿ ಕಳಿಸಿದರು. ತಡವಾದ ವರದಿಯಾದ್ದರಿಂದ ಪರಿಹಾರದ ಹಣ ಅವನ ಕೈಸೇರಲು ಏಳು ತಿಂಗಳು ಹಿಡಿಯಿತು. ಮೊದಲ ದಿನವೇ ಎರಡು ಸಾಲು ಬರೆದಿದ್ದರೆ ಇಷ್ಟಾಗುತ್ತಿರಲಿಲ್ಲ.

ಆದುದರಿಂದ ಪೆಟ್ಟು ಸಣ್ಣದಿದ್ದರೂ ಪಾಳಿ ಮುಗಿಯುವುದರೊಳಗೆ ಅಪಘಾತ ಪುಸ್ತಕದಲ್ಲಿ ಬರೆಸಿರಿ. ಯಾರು ನೋಡಿದರೆಂಬುದನ್ನೂ ಹೇಳಿರಿ. ಓವರ್‌ಟೈಮಿಗೆ ದುಪ್ಪಟ್ಟು ದರ ಸಲ್ಲಬೇಕು. ನಿಮ್ಮ ತಾಸುಗಳನ್ನು ನೀವೇ ಒಂದು ಚಿಕ್ಕ ವಹಿಯಲ್ಲಿ ಬರೆದಿಡಿರಿ. ಆಫೀಸರಿಗೆ ಬಾಯಿಮಾತಿನಲ್ಲಿ ಹೇಳಿದ ಮೇಲೂ ಅರ್ಜಿ ಕೊಟ್ಟು, ನಕಲಿನ ಮೇಲೆ ತಾರೀಖು ಸಹಿತ ಸಿಕ್ಕಾ ಹಾಕಿಸಿಕೊಳ್ಳಿರಿ. ಅವರು ಕೇಳದಿದ್ದರೆ ಅದೇ ನಕಲು ಇನ್‌ಸ್ಪೆಕ್ಟರ ಕಚೇರಿಗೆ ದಾರಿಯಾಗುತ್ತದೆ. ಪಗಾರ ಹೆಚ್ಚಿಸುವ ಮಾತು ಮಾತ್ರ ಇವರ ಕೈಯದಲ್ಲ, ಅದು ಯೂನಿಯನ್ನಿನ ಕೆಲಸ.

ಇಂಗ್ಲಿಷು, ಮರಾಠಿ ಬರದೆಂದು ಹಿಂಜರಿಯಬೇಡಿರಿ. ಸೋಮವಾರ ಮತ್ತು ಗುರುವಾರ ಸಂಜೆ 7ರಿಂದ ನಾನು ವಾಚನಾಲಯದ ಒಳಕೋಣೆಯಲ್ಲಿ ಇರುತ್ತೇನೆ. ಹಾಜರಿ ಕಾರ್ಡು ಮತ್ತು ಪಗಾರ ಚೀಟಿ ತಂದರೆ ಅರ್ಜಿ ಬರೆದುಕೊಡುವೆನು.