ಹಿಡಿಯ ಮರ

ಕೈಲ್‌ಪೊಳ್ದಿನ ಬೆಳಗ್ಗೆ ಕೊಡಗಿನ ಮಿತ್ರರೊಬ್ಬರ ಮನೆಯಲ್ಲಿದ್ದೆ. ಆಯುಧಗಳನ್ನು ಒರೆಸಿ, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸುವ ಹಬ್ಬವದು. ಸೈನ್ಯದಲ್ಲಿದ್ದ ಅವರ ತಂದೆಯವರ ರಿವಾಲ್ವರಿನ ಹಿಡಿ ಸಡಿಲಗೊಂಡು ಕಟಕಟವೆನ್ನುತ್ತಿತ್ತು. ಗುಂಡಿಲ್ಲವೆಂದು ಅವರು ಎರಡು ಸಲ ನೋಡಿಕೊಟ್ಟ ಮೇಲೆ, ಬಿಗಿಮಾಡುವ ಕೆಲಸವನ್ನು ನಾನೇ ಕೇಳಿ ಪಡೆದೆ. ವ್ಯಾಕರಣ ಹೇಳುವವನಿಗೆ ಈ ಉಸಾಬರಿ ಏಕೆ ಬೇಕಿತ್ತೋ! ತಿರುಪು ಇನ್ನೊಂದು ಸುತ್ತು ತಿರುಗಿತು; ಮರ ಚಿಟಿಲೆಂದಿತು. ಕೂದಲೆಳೆಯಷ್ಟು ಬಿರುಕು.

ಮಿತ್ರರು ಗದರಲಿಲ್ಲ, ತಿರುಪನ್ನು ಬಿಚ್ಚಿ ತೋರಿಸಿದರು. ವರ್ಷಗಳು ಕಳೆದಂತೆ ಮರ ಒಣಗಿ ಕುಗ್ಗುತ್ತದೆ, ಉಕ್ಕು ಕುಗ್ಗದು. ನಡುವಣ ತೆರಪನ್ನು ತುಂಬಬೇಕಲ್ಲದೆ ತಿರುಪನ್ನು ಹಿಂಡಬಾರದು. ಮರದ ಬೆನ್ನಿಗೆ ತೆಳುಗಾಗದದ ಚೂರನ್ನಿಟ್ಟು, ಹದವಾಗಿ ತಿರುಗಿಸಿದರು. ಕಟಕಟ ನಿಂತಿತು.

ಹೊಸ ಹಿಡಿ ತರಿಸಿಕೊಡುವೆನೆಂದೆ.

“ಈ ತಗ್ಗು ಅಪ್ಪನ ಹೆಬ್ಬೆರಳಿನದು, ಮೇಷ್ಟ್ರೇ” ಎಂದವರು, ಬಿರುಕಿನ ಬದಿಯನ್ನು ಕೆಳಗೆ ಮಾಡಿ ದೀಪದ ಮುಂದಿಟ್ಟರು.