ಚಗಟೆ ಸೊಪ್ಪು: ಮೊದಲು ಎಲೆ ಎಣಿಸಿ, ಆಮೇಲೆ ಕೊಯ್ಯಿರಿ

ಜೂನ್ ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಕಾಗಾಲದಲ್ಲಿ ತರಕಾರಿಗೆ ತತ್ವಾರ ಶುರು. ಹರಿವೆ ಎಲೆಗೆ ಮಣ್ಣು ಸಿಡಿದು ಕೊಳೆಯತ್ತೆ. ಘಟ್ಟದ ಮೇಲಿಂದ ಕುಮಟಾ ಪೇಟೆಗೆ ಬರೋ ಸೊಪ್ಪಿನ ರೇಟು ಕೇಳಿದರೆ ಹಾಗೇ ವಾಪಸ್ ಬರೋಣ ಅನ್ನಿಸತ್ತೆ. ಅದೇ ಹೊತ್ತಿಗೆ ಹಿತ್ತಲಲ್ಲಿ, ತೆಂಗಿನ ಬುಡದಲ್ಲಿ, ಪಾಗಾರದ ಬದಿಗೆ ಯಾರೂ ಬಿತ್ತದ ಗಿಡವೊಂದು ದಟ್ಟವಾಗಿ ಏಳತ್ತೆ. ಅದೇ ಚಗಟೆ. ಕೆಲವರು ತಗಟೆ ಅಂತಾರೆ, ಕೊಂಕಣಿ ಮನೆಗಳಲ್ಲಿ ಟಾಯಕಿಳೊ, ತುಳುವಿನಲ್ಲಿ ತಜಂಕ್. ಸಸ್ಯಶಾಸ್ತ್ರದ ಹೆಸರು ಸೆನ್ನಾ ಟೋರಾ. ತೋಟಗಾರಿಕೆ ಓದುವಾಗ ಇದನ್ನು ಕಳೆಗಳ ಪಟ್ಟಿಯಲ್ಲಿ ಬರೆದು ಹಾಳೆಗೆ ಅಂಟಿಸಿದ್ದೆ. ಈಗ ಪ್ರತಿ ಮಳೆಗಾಲ ವಾರಕ್ಕೆರಡು ಸಲ ತಿನ್ನುತ್ತೇನೆ.

ಗಜನಿಯ ಉಪ್ಪುನೀರಲ್ಲಿ ಕಗ್ಗ ಭತ್ತ ಬರತ್ತೆ, ಚಗಟೆಗೆ ಮಾತ್ರ ನೀರು ನಿಲ್ಲದ ದಿಬ್ಬವೇ ಬೇಕು. ದನ ಇದನ್ನು ಅಷ್ಟಾಗಿ ಮುಟ್ಟಲ್ಲ, ಹಾಗಾಗಿ ಬೇಣಗಳಲ್ಲಿ ಇದರದ್ದೇ ರಾಜ್ಯ.

ಕೊಯ್ಯೋ ಮೊದಲು ಗುರುತು ಸರಿಯಾಗಿ ತಿಳಿದುಕೊಳ್ಳಿ, ಯಾಕಂದ್ರೆ ಇದಕ್ಕೊಬ್ಬ ಅಣ್ಣ ಇದ್ದಾನೆ: ದೊಡ್ಡ ತಗಚೆ, ಸಂಸ್ಕೃತದಲ್ಲಿ ಕಾಸಮರ್ದ. ಎರಡಕ್ಕೂ ಹಳದಿ ಹೂವು, ಎರಡೂ ರಸ್ತೆ ಬದಿಯಲ್ಲೇ ಬರತ್ತೆ. ಚಗಟೆಯ ಒಂದು ಎಲೆಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಕಿರುಎಲೆ. ಅವುಗಳ ತುದಿ ದುಂಡಗೆ ಅಗಲ, ಬುಡ ಸಪೂರ. ಸಂಜೆಯಾದರೆ ಮಡಚಿಕೊಂಡು ಮಲಗತ್ತೆ. ಕೆಳಗಿನ ಕಿರುಎಲೆ ಜೋಡಿಗಳ ನಡುವೆ ಕಡ್ಡಿ ಮೇಲೆ ಸಣ್ಣ ಗುಬುಟು ಇರತ್ತೆ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಚೆನ್ನಾಗಿ ಕಾಣತ್ತೆ. ದೊಡ್ಡ ತಗಚೆಯಲ್ಲಿ ನಾಲ್ಕೈದು ಜೋಡಿ, ತುದಿ ಚೂಪು, ಗುಬುಟು ಕಡ್ಡಿಯ ಬುಡದಲ್ಲೇ. ಎಲೆ ಉಜ್ಜಿದರೆ ಕೆಟ್ಟ ವಾಸನೆ. ಕಾಯಿ ನೋಡಿದರಂತೂ ಅನುಮಾನವೇ ಇಲ್ಲ: ಚಗಟೆಯದು ಸಪೂರ, ಉದ್ದ, ಕುಡುಗೋಲಿನ ಹಾಗೆ ಬಾಗಿದ್ದು; ಇನ್ನೊಂದರದ್ದು ಚಪ್ಪಟೆ. ಗಿಡ ಗುರುತಿಸೋ ಆಪ್‌ಗೆ ಬರೀ ಹೂವಿನ ಫೋಟೊ ಕೊಟ್ಟು ಅದು ಹೇಳಿದ್ದನ್ನು ನಂಬಬೇಡಿ.

ಇಷ್ಟೊಂದು ಯಾಕೆ ಹೇಳ್ತಿದ್ದೇನೆ ಅಂದ್ರೆ, ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಲವು ವರ್ಷ ಪ್ರತಿ ಚಳಿಗಾಲದ ಆಸುಪಾಸಿನಲ್ಲಿ ಮಕ್ಕಳು ಸಾಯುತ್ತಿದ್ದರು. ಎಲ್ಲರೂ ಅದನ್ನು ಮೆದುಳು ಜ್ವರ ಅಂದುಕೊಂಡಿದ್ದರು. ಬಿಜನೌರಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದೇ ದೊಡ್ಡ ತಗಚೆಯ ಬೀಜವನ್ನು ಬೊಟ್ಟು ಮಾಡಿದವು. ಮಕ್ಕಳು ಆಟವಾಡುತ್ತಾ ಹಸಿ ಕಾಯಿ ಬಿಡಿಸಿ ತಿಂದಿದ್ದರು. ಆ ವಿಷ ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಹಿಡಿಯತ್ತೆ. ಒಡಿಶಾದ ಮಲ್ಕಾನ್‌ಗಿರಿಯಲ್ಲಿ 2016ರಲ್ಲಿ ಮಕ್ಕಳು ಸತ್ತಾಗಲೂ ಈ ಗಿಡದ ಹೆಸರು ಬಂತು. ನಿಮ್ಮ ಹಿತ್ತಲಲ್ಲಿ ಅದು ಇದ್ದರೆ ಕಾಯಿ ಕಟ್ಟೋ ಮೊದಲೇ ಕಿತ್ತುಬಿಡಿ.

ಈಗ ಅಡುಗೆ. ಹೂವು ಬರೋ ಮೊದಲು, ಗಿಡ ಗೇಣುದ್ದ ಇದ್ದಾಗ, ತುದಿಯ ಎಳೆ ಕುಡಿ ಮಾತ್ರ ಚಿವುಟಿ. ಬಲಿತರೆ ಕಹಿ, ನಾರು. ಹೆದ್ದಾರಿ ಬದಿಯದ್ದು ಬೇಡ. ಕಳೆನಾಶಕ ಹೊಡೆದ ತೋಟದ್ದನ್ನು ಆ ಮಳೆಗಾಲ ಪೂರ್ತಿ ಮುಟ್ಟಬೇಡಿ. ಬಾಡದೆ ಹಸಿರಾಗಿ ಉಳಿದ ಗಿಡದಲ್ಲೂ ಮದ್ದು ಇರಬಹುದು. ಪಕ್ಕದ ತೋಟದವರನ್ನೂ ಒಂದು ಮಾತು ಕೇಳಿ.

ನನಗಿಷ್ಟ ಪಲ್ಯ. ಹಲಸಿನ ಬೀಜ ಜಜ್ಜಿ ಬೇಯಿಸಿಟ್ಟುಕೊಳ್ಳಿ. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು. ಬೇಸಿಗೆಯಲ್ಲಿ ಹಂದಿಗೋಣ, ಅಳ್ವೆಕೋಡಿ ಕಡೆ ತಂದು ಕಟ್ಟಿಟ್ಟ ಕುಮಟಾ ಸಿಹಿ ಈರುಳ್ಳಿ ಉಳಿದಿದ್ದರೆ ಅದನ್ನೇ ಹಾಕಿ, ಕಹಿ ತಾನೇ ತಗ್ಗತ್ತೆ. ಹೆಚ್ಚಿದ ಸೊಪ್ಪು, ಉಪ್ಪು, ಚೂರು ಬೆಲ್ಲ ಹಾಕಿ ಬೆಂದ ಮೇಲೆ ಬೀಜ, ಕಾಯಿತುರಿ. ಕೊಂಕಣಿ ಮನೆಯವರು ಅಕ್ಕಿ, ತೊಗರಿಬೇಳೆ ನೆನೆಸಿ ಮೆಣಸು, ಹುಣಸೆ, ಕಾಯಿ ಜೊತೆ ರುಬ್ಬಿ, ಸೊಪ್ಪು ಕಲಸಿ ದಪ್ಪ ದೋಸೆ ಹುಯ್ಯುತ್ತಾರೆ. ಒಬ್ಬರಿಗೆ ಒಂದು ಮುಷ್ಟಿ ಸೊಪ್ಪು ಸಾಕು. ಇದರಲ್ಲಿ ಹೊಟ್ಟೆ ಸಡಿಲ ಮಾಡೋ ಗುಣ ಇದೆ. ಮಲಬದ್ಧತೆ ಇದ್ದವರಿಗೆ ಅದೇ ಔಷಧಿ, ಗರ್ಭಿಣಿಯರಿಗೆ ಬೇಡ.

ಮನೆಮದ್ದಿನಲ್ಲಿ ಚಗಟೆಗೆ ಹೆಸರು ಬಂದಿದ್ದು ಹುಳುಕಡ್ಡಿಯಿಂದ. ಆಯುರ್ವೇದದಲ್ಲಿ ಇದಕ್ಕೆ ಚಕ್ರಮರ್ದ, ದದ್ರುಘ್ನ ಅನ್ನೋ ಹೆಸರುಗಳಿವೆ. ದದ್ರು ಅಂದರೆ ಹುಳುಕಡ್ಡಿಯೇ. ಬೀಜವನ್ನು ಮಜ್ಜಿಗೆಯಲ್ಲಿ ಅರೆದು ಹಚ್ಚುವುದು ರೂಢಿ. ಇದರಲ್ಲಿರೋ ಕ್ರೈಸೋಫೆನಾಲ್‌ಗೆ ಶಿಲೀಂಧ್ರ ತಡೆಯೋ ಶಕ್ತಿ ಇದೆ. ಗದ್ದೆ ಕೆಸರಲ್ಲಿ ನಿಂತು ಕಾಲಿಗೆ ಬಂದ ಸಣ್ಣ ಕಲೆಗೆ ಪ್ರಯತ್ನಿಸಬಹುದು. ಉರಿ ಬಂದರೆ ತೊಳೆದು ಬಿಡಿ, ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ರ ಹೋಗಿ. ಅಂಗಡಿಯಲ್ಲಿ ಕೇಳಿ ತರೋ ಸ್ಟಿರಾಯ್ಡ್ ಬೆರೆತ ಟ್ಯೂಬು ಮಾತ್ರ ಬೇಡವೇ ಬೇಡ. ತುರಿಕೆ ನಿಲ್ಲತ್ತೆ, ರೋಗ ಒಳಗೊಳಗೇ ಹಬ್ಬತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14 ಬಗೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿದ್ದು ಸುಮ್ಮನೆ ಅಲ್ಲ.

ಇನ್ನು ವಾಟ್ಸಾಪಲ್ಲಿ ಓಡಾಡೋ ‘ತಗಟೆ ಬೀಜದ ಕಾಫಿ’. ಹುರಿದ ಬೀಜದ ಚಹಾ ಕೊರಿಯಾದಲ್ಲಿ ಕುಡಿಯುತ್ತಾರೆ, ನಿಜ. ಆದರೆ ಮೂಲ ಗೊತ್ತಿಲ್ಲದ ಬೀಜ ತಂದು ಮಾಡಬೇಡಿ. ಚಗಟೆ ಬೀಜದಿಂದ ಕ್ಯಾಸಿಯಾ ಗಮ್ ಅನ್ನೋ ಅಂಟು ತೆಗೆಯುತ್ತಾರೆ; ಆಹಾರಕ್ಕೆ ಬಳಸೋ ಆ ಅಂಟಿನ ಅಂತಾರಾಷ್ಟ್ರೀಯ ಮಾನದಂಡದಲ್ಲಿ ದೊಡ್ಡ ತಗಚೆ ಬೀಜದ ಬೆರಕೆ ಶೇ. 0.05ಕ್ಕಿಂತ ಕಡಿಮೆ ಇರಬೇಕು. ಅಂದರೆ ಎರಡು ಕಿಲೋದಲ್ಲಿ ಒಂದು ಗ್ರಾಂ ಕೂಡ ಇರಬಾರದು. ನಾನಂತೂ ಎಲೆ ತಿನ್ನುತ್ತೇನೆ, ಬೀಜ ಹೊರಗೆ ಹಚ್ಚೋಕೆ ಮಾತ್ರ, ಅದೂ ನನ್ನ ಹಿತ್ತಲದ್ದು.

ತಿಂದು ಉಳಿದಿದ್ದನ್ನು ಆಗಸ್ಟ್‌ನಲ್ಲಿ, ಹೂವಿಗೆ ಮುಂಚೆ, ಕತ್ತಿಯಿಂದ ಸವರಿ ತೆಂಗಿನ ಬುಡಕ್ಕೆ ಹೊದಿಸಿ. ಒಳ್ಳೆ ಹಸಿರೆಲೆ ಗೊಬ್ಬರ. ಬೇಳೆಕಾಳಿನ ಕುಟುಂಬದ್ದಾದರೂ ಇದರ ಬೇರಿನಲ್ಲಿ ಸಾರಜನಕದ ಗಂಟು ಕಟ್ಟಲ್ಲ, ಹಾಗಾಗಿ ಸಾರಜನಕಕ್ಕೆ ಅಂತ ತೋಟದಲ್ಲಿ ಬಿತ್ತೋದು ದಂಡ. ಹಿತ್ತಲ ಮೂಲೆಯಲ್ಲಿ ನಾಲ್ಕು ಗಿಡ ಮಾತ್ರ ಕಾಯಿಗೆ ಬಿಟ್ಟುಕೊಳ್ಳಿ, ಮುಂದಿನ ಜೂನ್‌ಗೆ ಸಾಕಾಗತ್ತೆ.