ಎಂಟು ಪಾಕೀಟು, ಎಂಟು ಕೆ.ಜಿ.: ಬೀಜದ ಫಾರ್ಮ್‌ಗೆ ಡ್ರಾಪ್‌ಡೌನ್ ಹಾಕಿದ ಕಥೆ

"ಏನಪಾ ತಮ್ಮಾ, ನಾ ಎಂಟ್ ಪಾಕೀಟ್ ಅಂತ ಬರಿಸಿದ್ನಿ. ಎರಡ್ ಪಾಕೀಟ್ ಕೈಯಾಗ ಇಟ್ರೆಲ್ಲಾ! ಎಂಟ್ ಎಕರೆಗೆ ಇದು ಯಾವ ಮೂಲಿಗೆ ಸಾಕಾಗ್ತದ?"

ನಮ್ಮ ಊರಿನ ಕಾಕಾ ಒಬ್ಬರು ಬೀಜ ವಿತರಣೆಯ ದಿನ ಎಲ್ಲರ ಎದುರಿಗೆ ಕೇಳಿದ ಮಾತಿದು. ಉತ್ತರ ನನ್ನ ಹತ್ರ ಇರಲಿಲ್ಲ, ಯಾಕಂದ್ರೆ ತಪ್ಪು ನಂದೇ. ಕಲಬುರಗಿ ಕಡೆಯ ನಮ್ಮ ರೈತ ಉತ್ಪಾದಕರ ಕಂಪನಿಗೆ ಮುಂಗಾರಿನ ಬೀಜದ ಬೇಡಿಕೆ ಬರೆದುಕೊಳ್ಳುವ ಫಾರ್ಮ್ ಮಾಡಿದವನು ನಾನು. ಅದರಲ್ಲಿ "ಎಷ್ಟು ಬೇಕು?" ಅಂತ ಒಂದು ಖಾಲಿ ಜಾಗ ಇಟ್ಟಿದ್ದೆ. ಕಾಕಾ ಹೇಳಿದ್ದು ಎಂಟು ಪಾಕೀಟು, ಅಂದ್ರೆ 40 ಕೆ.ಜಿ. ತುಂಬಿದ ಹುಡುಗ ಬರೀ 8 ಅಂತ ಒತ್ತಿದ. ನಾನು ಅದನ್ನು ಕೆ.ಜಿ. ಅಂತ ಕೂಡಿಸಿದೆ. ಕಾಕಾ ಎರಡು ದಿನ ಅಂಗಡಿ ಅಲೆದು ಐದು ಎಕರೆಗೆ ಬೀಜ ಹೊಂದಿಸಿದರು. ಉಳಿದ ಮೂರು ಎಕರೆಗೆ ಮನೆಯಲ್ಲಿದ್ದ ಕಾಳನ್ನೇ ಬಿತ್ತಿದರು, ಅಷ್ಟರಲ್ಲಿ ಮೇಲಿನ ಹಸಿ ಆರಿತ್ತು.

ಆಮೇಲೆ ಶೀಟ್ ತೆಗೆದು ನೋಡಿದ್ರೆ ತಳಿಯ ಕಾಲಂ ಇನ್ನೂ ಕೆಟ್ಟದಾಗಿತ್ತು. ಟಿಎಸ್-3ಆರ್ ಅನ್ನೋ ಒಂದೇ ತೊಗರಿಯನ್ನು "ಟಿ.ಎಸ್. 3 ಆರ್", "ಟಿಎಸ್3ಆರ್", "3ಆರ್", "ತೊಗರಿ 3" ಅಂತೆಲ್ಲ ಬರೆದಿದ್ದರು. ನಮಗೆ ಎಲ್ಲವೂ ಒಂದೇ, ಶೀಟ್‌ಗೆ ನಾಲ್ಕು ತಳಿ. ಇನ್ನೊಂದು ಕಣ್ಣಿಗೆ ಕಾಣದ ತೊಂದರೆ ಕನ್ನಡದಲ್ಲಿ ಟೈಪ್ ಮಾಡೋರಿಗೆ ಇದೆ. "ಜಿಆರ್‌ಜಿ-811" ಬರೆಯುವಾಗ ಅರ್ಕಾವೊತ್ತು ಬರದೆ ಇರಲಿ ಅಂತ ಕೀಬೋರ್ಡ್ ನಡುವೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ಅದು ಇದ್ದ ಪದ, ಇಲ್ಲದ ಪದ ಕಂಪ್ಯೂಟರಿಗೆ ಬೇರೆ ಬೇರೆ. ಕೊನೆಗೊಂದು ಸ್ಪೇಸ್ ಉಳಿದರೂ ಅಷ್ಟೇ. ಹಾಗಾಗಿ ಟೈಪ್ ಮಾಡಿಸೋದನ್ನೇ ನಿಲ್ಲಿಸಬೇಕು ಅಂತ ಗೊತ್ತಾಯ್ತು.

ನಾನು ಬಳಸೋದು ಗೂಗಲ್‌ನ ಆಪ್‌ಶೀಟ್. ಕೋಡ್ ಬರೆಯೋ ಕೆಲಸ ಇಲ್ಲ, ಗೂಗಲ್ ಶೀಟ್ ಕೊಟ್ಟರೆ ಅದರಿಂದಲೇ ಆ್ಯಪ್ ಆಗುತ್ತೆ. ಪರೀಕ್ಷೆಯ ಹಂತದಲ್ಲಿ 10 ಜನರವರೆಗೆ ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ಫಾರ್ಮ್ ತುಂಬೋರು ಆರು ಹಳ್ಳಿಯ ಆರು ಹುಡುಗರು ಮಾತ್ರ, ರೈತರು ಬಾಯಲ್ಲಿ ಹೇಳ್ತಾರೆ. ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಿದ್ದು ಫೋನಲ್ಲೇ ಉಳಿದು ಆಮೇಲೆ ಸಿಂಕ್ ಆಗುತ್ತೆ.

ಡ್ರಾಪ್‌ಡೌನ್ ಹಾಕೋಕೆ ಸುಲಭದ ದಾರಿ 'ಈನಮ್'. ಎಡಿಟರ್‌ನಲ್ಲಿ ಡೇಟಾಕ್ಕೆ ಹೋಗಿ, ಟೇಬಲ್ ತೆರೆದು, ಕಾಲಂ ಪಕ್ಕದ ಪೆನ್ಸಿಲ್ ಗುರುತು ಒತ್ತಿ, ಟೈಪ್ ಜಾಗದಲ್ಲಿ ಈನಮ್ ಆರಿಸಿ, ಕೆಳಗೆ ಒಂದೊಂದೇ ಆಯ್ಕೆ ಸೇರಿಸಿದರೆ ಆಯ್ತು. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಆಯ್ಕೆ ಬೇಕಾದರೆ 'ಈನಮ್‌ಲಿಸ್ಟ್'. ಅಲ್ಲೇ 'ಅಲೋ ಅದರ್ ವ್ಯಾಲ್ಯೂಸ್' ಅಂತ ಒಂದು ಸ್ವಿಚ್ ಇದೆ, ಅದನ್ನು ಆಫ್ ಇಡಿ. ಆನ್ ಇದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನೂ ಟೈಪ್ ಮಾಡಬಹುದು, ಹುಡುಗರು ಮಾಡೇ ಮಾಡ್ತಾರೆ. 'ಇನ್‌ಪುಟ್ ಮೋಡ್' ಅನ್ನೋದನ್ನೂ ನೋಡಿ. ಆಯ್ಕೆ ನಾಲ್ಕೈದೇ ಇದ್ದರೆ ಬಟನ್ಸ್ ಮಾಡೋದು ನನ್ನ ಪ್ರಕಾರ ಡ್ರಾಪ್‌ಡೌನ್‌ಗಿಂತ ಒಳ್ಳೇದು, ಎಲ್ಲ ಒಮ್ಮೆಲೇ ಕಾಣುತ್ತವೆ, ಬಿಸಿಲಲ್ಲಿ ಒರಟು ಬೆರಳಿಗೂ ಸಿಗುತ್ತವೆ.

ಆದರೆ ತಳಿಯ ಪಟ್ಟಿ ವರ್ಷ ವರ್ಷ ಬದಲಾಗುತ್ತೆ. ಪ್ರತಿ ಸಲ ಎಡಿಟರ್ ಒಳಗೆ ಹೋಗೋ ಬದಲು ಪಟ್ಟಿಯನ್ನು ಬೇರೆ ಶೀಟ್‌ನಲ್ಲಿ ಇಡೋದು ಜಾಣತನ. ನಾನು 'ತಳಿಪಟ್ಟಿ' ಅಂತ ಒಂದು ಶೀಟ್ ಮಾಡಿ ಅಕ್ಕಪಕ್ಕ ಎರಡು ಕಾಲಂ ಇಟ್ಟೆ: ಬೆಳೆ, ತಳಿ. ತೊಗರಿಯ ಎದುರು ಟಿಎಸ್-3ಆರ್, ಮುಂದಿನ ಸಾಲಲ್ಲಿ ಮತ್ತೆ ತೊಗರಿ, ಎದುರು ಜಿಆರ್‌ಜಿ-811. ಹೆಸರಿಗೆ ಬಿಜಿಎಸ್-9, ಉದ್ದಿಗೆ ಟಿಎಯು-1, ಸೋಯಾಕ್ಕೆ ಜೆಎಸ್-335. (ನಮ್ಮ ಕಡೆಯವರು ಯಾವ ಕಾಲಂಗೂ 'ಹೆಸರು' ಅಂತ ಹೆಸರಿಡಬೇಡಿ. ನಾನು ಇಟ್ಟಿದ್ದೆ. ಒಬ್ಬ ಹುಡುಗ ರೈತರ ಹೆಸರಿನ ಜಾಗದಲ್ಲಿ "2 ಎಕರೆ" ಅಂತ ತುಂಬಿದ್ದ.)

ಈ ಶೀಟನ್ನು ಆ್ಯಪ್‌ಗೆ ಟೇಬಲ್ ಆಗಿ ಸೇರಿಸಿ, ಬೇಡಿಕೆ ಟೇಬಲ್‌ನ ಬೆಳೆ ಕಾಲಂನಲ್ಲಿ 'ವ್ಯಾಲಿಡ್ ಇಫ್' ಅನ್ನೋ ಜಾಗಕ್ಕೆ ತಳಿಪಟ್ಟಿ[ಬೆಳೆ] ಅಂತ ಬರೆಯಿರಿ. ತಳಿ ಕಾಲಂನ ಅದೇ ಜಾಗಕ್ಕೆ ತಳಿಪಟ್ಟಿ[ತಳಿ]. ಇಷ್ಟೇ. ಎರಡೂ ಒಂದೇ ಪಟ್ಟಿಯಿಂದ ಬಂದಿವೆ ಅಂತ ಆಪ್‌ಶೀಟ್ ತಾನೇ ಗುರುತಿಸಿ, ತೊಗರಿ ಆರಿಸಿದರೆ ತೊಗರಿಯ ತಳಿಗಳನ್ನು ಮಾತ್ರ ತೋರಿಸುತ್ತೆ. ಫಾರ್ಮ್‌ನಲ್ಲೂ ಬೆಳೆ ಮೊದಲು, ಅದರ ಹಿಂದೆಯೇ ತಳಿ ಬರಬೇಕು. ಮೊದಲ ಸಲ ನಾನು ಉಲ್ಟಾ ಇಟ್ಟು ಒಂದು ಸಂಜೆ ತಲೆ ಕೆಡಿಸಿಕೊಂಡೆ. ವ್ಯಾಲಿಡ್ ಇಫ್‌ನಲ್ಲಿ ಪಟ್ಟಿ ಕೊಟ್ಟರೆ ಹೊರಗಿನದ್ದು ಒಳಗೆ ಬರಲ್ಲ. 'ಸಜೆಸ್ಟೆಡ್ ವ್ಯಾಲ್ಯೂಸ್'ನಲ್ಲಿ ಕೊಟ್ಟರೆ ಪಟ್ಟಿ ಕಾಣುತ್ತೆ, ಬೇರೆಯದ್ದೂ ಬರೆಯಬಹುದು. ಬೀಜದ ಲೆಕ್ಕಕ್ಕೆ ಮೊದಲನೆಯದು, ಷರಾ ತರಹದ ಕಾಲಂಗೆ ಎರಡನೆಯದು.

ಸದಸ್ಯರ ಆಯ್ಕೆ ಬೇರೆ ಕಥೆ. ನಮ್ಮಲ್ಲಿ ಶರಣಪ್ಪ ಅನ್ನೋರೇ ನಾಲ್ಕು ಜನ. ಬರೀ ಹೆಸರಿನ ಡ್ರಾಪ್‌ಡೌನ್ ಕೊಟ್ಟರೆ ಒಬ್ಬರ ಬೀಜ ಇನ್ನೊಬ್ಬರ ಖಾತೆಗೆ ಹೋಗುತ್ತೆ. ಇಲ್ಲಿ 'ರೆಫ್' ಟೈಪ್ ಬೇಕು. ಸದಸ್ಯರ ಟೇಬಲ್‌ನಲ್ಲಿ ಷೇರು ಸಂಖ್ಯೆಯನ್ನು 'ಕೀ' ಮಾಡಿ. ಹೆಸರು, ತಂದೆ ಹೆಸರು, ಊರು ಮೂರೂ ಒಟ್ಟಿಗೆ ಇರೋ ಕಾಲಂ ಒಂದು ಮಾಡಿ, ಅದನ್ನು 'ಲೇಬಲ್' ಮಾಡಿ. ತುಂಬೋರಿಗೆ ಕಾಣೋದು ಲೇಬಲ್, ಶೀಟಲ್ಲಿ ಕೂರೋದು ಷೇರು ಸಂಖ್ಯೆ. ಹೆಸರಿನ ಕಾಗುಣಿತ ನಾಳೆ ತಿದ್ದಿದರೂ ಹಳೆ ಲೆಕ್ಕ ಒಡೆಯಲ್ಲ. ಈ ಟೇಬಲನ್ನು ಓದೋಕೆ ಮಾತ್ರ ಅನ್ನೋ ಹಾಗೆ ಇಡಿ, ಇಲ್ಲದಿದ್ದರೆ ಪಟ್ಟಿಯ ಕೊನೆಗೆ 'ನ್ಯೂ' ಬರುತ್ತೆ, ಐದನೇ ಶರಣಪ್ಪ ಹುಟ್ಟಿಕೊಳ್ಳುತ್ತಾರೆ.

ತಳಿಯ ಕಾಲಂ ಹಾಗಲ್ಲ, ಅಲ್ಲಿ ಬರೆದ ಪದವೇ ಶೀಟಲ್ಲಿ ಕೂರುತ್ತೆ. ಹಂಗಾಮಿನ ನಡುವೆ ಪಟ್ಟಿಯಲ್ಲಿ ಒಂದು ತಳಿಯ ಹೆಸರು ತಿದ್ದಿದರೆ ಹಳೆ ಸಾಲುಗಳು ಹಳೆ ಹೆಸರಲ್ಲೇ ಉಳಿದು ಮತ್ತೆ ಎರಡು ಮೊತ್ತ ಬರುತ್ತೆ. ಬೇಡಿಕೆ ಮುಗಿಯೋವರೆಗೆ ಪಟ್ಟಿ ಮುಟ್ಟಬೇಡಿ. ಹೊಸ ತಳಿ ಸೇರಿಸಲೇಬೇಕಾದರೆ ಕೆಳಗೆ ಸೇರಿಸಿ, ಎಲ್ಲ ಹುಡುಗರಿಗೂ ಸಿಂಕ್ ಒತ್ತೋಕೆ ಹೇಳಿ. ಸಿಂಕ್ ಮಾಡದ ಫೋನಿನಲ್ಲಿ ಹಳೆ ಪಟ್ಟಿಯೇ ಇರುತ್ತೆ.

ಇನ್ನು ಕಾಕಾನ ಎಂಟು. ಅದಕ್ಕೂ ಡ್ರಾಪ್‌ಡೌನ್ ಹಾಕಿದೆ: ಕೆ.ಜಿ., ಪಾಕೀಟು, ಕ್ವಿಂಟಲ್. ಸರಿ ಹೋಯ್ತು ಅಂದುಕೊಂಡೆ. ಹೋಗಿರಲಿಲ್ಲ. ಅವಸರದಲ್ಲಿ ಎಲ್ಲರೂ ಮೇಲಿನದ್ದನ್ನೇ ಒತ್ತಿ ಮುಂದೆ ಹೋಗ್ತಿದ್ದರು. ಪರೀಕ್ಷೆಗೆ ತುಂಬಿಸಿದಾಗಲೇ ಒಬ್ಬರಿಗೆ 3 ಕ್ವಿಂಟಲ್ ಹೆಸರು ಬೀಜ ಬೇಕು ಅಂತ ಬಂತು. ಕೊನೆಗೆ ಆ ಪ್ರಶ್ನೆಯನ್ನೇ ತೆಗೆದುಹಾಕಿದೆ. ನಾವು ತರಿಸೋದೆಲ್ಲ 5 ಕೆ.ಜಿ. ಪಾಕೀಟಾದ್ದರಿಂದ ತೊಗರಿಗೆ "ಎಷ್ಟು ಪಾಕೀಟು?", "ಎಷ್ಟು ಎಕರೆ?" ಅಂತ ಎರಡೇ ಕೇಳ್ತೀವಿ, ಎರಡೂ ಕಡ್ಡಾಯ. ಪಾಕೀಟನ್ನು ಐದರಿಂದ ಗುಣಿಸಿ ಕೆ.ಜಿ. ಎಷ್ಟು ಅಂತ ಕೆಳಗೆ ಆ್ಯಪ್ಪೇ ತೋರಿಸುತ್ತೆ. ಹುಡುಗ ಅದನ್ನು ರೈತರಿಗೆ ಗಟ್ಟಿಯಾಗಿ ಓದಿ ಹೇಳಿ ಸೇವ್ ಮಾಡಬೇಕು. ನಮ್ಮಲ್ಲಿ ತೊಗರಿ ಎಕರೆಗೆ ಸುಮಾರು 5 ಕೆ.ಜಿ. ಹಿಡಿಯೋದರಿಂದ ಎಕರೆ, ಪಾಕೀಟು ಹೆಚ್ಚುಕಮ್ಮಿ ಒಂದೇ ಅಂಕಿ ಬರಬೇಕು. ಬರದಿದ್ದರೆ ನಾನು ಫೋನ್ ಮಾಡಿ ಕೇಳ್ತೀನಿ.

ಈ ವರ್ಷ ಕಾಕಾನ ಬೇಡಿಕೆ ಬರೆಯೋಕೆ ನಾನೇ ಹೋಗಿದ್ದೆ. "ಎಂಟ್ ಪಾಕೀಟು, ನಲ್ವತ್ತ್ ಕೆ.ಜಿ., ಟಿಎಸ್-3ಆರ್" ಅಂತ ಓದಿದೆ. ಕಾಕಾ ಫೋನ್ ಇಸ್ಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಜಿಆರ್‌ಜಿನೂ ಅದ ಏನು ಇದ್ರಾಗ? ಹಂಗಾದ್ರ ಎರಡ್ ಪಾಕೀಟ್ ಅದು ಹಾಕು, ನೋಡೋಣು," ಅಂದರು. ಇನ್ನೊಂದು ಸಾಲು ಸೇರಿಸಿ, ಮೊದಲಿನದ್ದನ್ನು ಆರಕ್ಕೆ ಇಳಿಸಿ, ಮತ್ತೊಮ್ಮೆ ಓದಿ ಹೇಳಿ ಸೇವ್ ಒತ್ತಿದೆ.